ಹಡಗಿನವರ ಗೋಡೆ

ಶಾಲೆಯಿಂದ ಬಂದ ಶಮೀಮಾ ಚೀಲವನ್ನು ಬಾಗಿಲ ಹಿಂದೆ ಎಸೆದು, ಕೈಕಾಲು ತೊಳೆಯದೆ ನೇರವಾಗಿ ಅಡುಗೆಮನೆಗೆ ಬಂದು ನಿಂತಳು. ಹವ್ವಾ ಒಲೆಯ ಮುಂದೆ ಕೂತು ತೆಂಗಿನ ಗರಿಯ ದಂಟುಗಳನ್ನು ಉರಿಗೆ ತಳ್ಳುತ್ತಿದ್ದಳು. ಮೊದಲು ಕಾಲು ತೊಳಿ ಎಂದಳು. ಮಗಳು ಕದಲಲಿಲ್ಲ.

"ಅಮ್ಮಾ, ಇವತ್ತು ಟೀಚರ್ ನಮ್ಮನ್ನ ಮ್ಯೂಸಿಯಂಗೆ ಕರ್ಕೊಂಡು ಹೋಗಿದ್ರು. ಅಲ್ಲಿ ಗೋಡೆ ಮೇಲೆ ಬಪ್ಪಾ ಇದಾರೆ."

ಹವ್ವಾಳ ಕೈ ಒಲೆಯ ಬಾಯಲ್ಲೇ ನಿಂತಿತು. ಮಗಳು ಹೇಳುತ್ತಲೇ ಹೋದಳು. ಆ ಗೋಡೆಯ ತುಂಬ ಫೋಟೋಗಳಿವೆ, ಒಂದೊಂದರ ಕೆಳಗೂ ಮರದ ತುಂಡಿನಲ್ಲಿ ಹೆಸರು ಕೆತ್ತಿದ್ದಾರೆ, ಬಪ್ಪಾನ, ಅಂದರೆ ಅಪ್ಪನ, ಹೆಸರನ್ನು ತಾನೇ ಅಕ್ಷರ ಕೂಡಿಸಿ ಓದಿದೆ, ಪಕ್ಕದಲ್ಲಿ ಅವರ ತಾಯಿಮನೆಯ ಹೆಸರೂ ಎರಡು ಇಸವಿಗಳೂ ಇದ್ದವು. ಇವರೆಲ್ಲ ಸಮುದ್ರದಲ್ಲಿ ತೀರಿಹೋದ ನಮ್ಮ ದ್ವೀಪದವರು ಎಂದು ಟೀಚರ್ ಹೇಳಿದರಂತೆ. ಹೇಳಿದ ಮೇಲೆ ಶಮೀಮಾಳ ಮುಖ ನೋಡಿ, ಎಲ್ಲರನ್ನೂ ಬೇಗ ಬೇಗ ದೋಣಿ ತೋರಿಸಲು ಎಳೆದುಕೊಂಡು ಹೋದರಂತೆ.

"ಹಾಗಾದ್ರೆ ಬಪ್ಪಾ ಸತ್ತೋಗಿದಾರಾ?"

"ಮೊದ್ಲು ಊಟ ಮಾಡು," ಎಂದಳು ಹವ್ವಾ. ಅನ್ನ ಬಡಿಸಿದಳು, ಮೀನಿನ ಮುಳ್ಳು ಬಿಡಿಸಿ ಕೊಟ್ಟಳು. ತಾನೇ ಬಿಡಿಸಿಕೊಂಡು ತಿನ್ನುವ ವಯಸ್ಸು ದಾಟಿದ ಮಗಳು ಅಂದು ಬೇಡವೆನ್ನದೆ ಬಾಯಿ ತೆರೆದಳು. ಒಂದೊಂದು ತುತ್ತಿನ ನಡುವೆಯೂ ತಾಯಿಯ ಮುಖವನ್ನೇ ನೋಡುತ್ತಿದ್ದಳು.

ಮಲಿಕು ದ್ವೀಪದ ಗಂಡಸರು ತಲೆತಲಾಂತರದಿಂದ ಹಡಗುಗಳಲ್ಲಿ ದುಡಿಯುವವರು. ವರ್ಷಗಟ್ಟಲೆ ಸಮುದ್ರದಲ್ಲಿದ್ದು, ಕೆಲವು ತಿಂಗಳು ಮನೆಗೆ ಬಂದು, ಮತ್ತೆ ಕೊಚ್ಚಿಯ ಹಡಗು ಹತ್ತುತ್ತಾರೆ. ಎಲ್ಲರೂ ತಿರುಗಿ ಬರುವುದಿಲ್ಲ. ಆದರೆ ಹಡಗಿಗೆ ಹೋದವನು ಸತ್ತ ಎಂಬ ಮಾತನ್ನು ಊರಿನಲ್ಲಿ ಯಾರೂ ಮೊದಲು ಆಡುವಂತಿಲ್ಲ. ಹೆಣ ಬಂದರೆ ಬೇರೆ. ಬಾರದಿದ್ದರೆ ಆ ಮಾತು ಹೆಂಡತಿಯ ಬಾಯಿಂದಲೇ ಬರಬೇಕು. ಅವಳು ಹೇಳಿದ ದಿನ ಗಂಡ ಸತ್ತವಳು ಪಾಲಿಸಬೇಕಾದ ಇದ್ದತ್‌ಗೆಂದು ಒಳಕೋಣೆ ಸೇರುತ್ತಾಳೆ, ನಾಲ್ಕು ತಿಂಗಳು ಹತ್ತು ದಿನ ಕಳೆಯುವವರೆಗೂ ಹೊಸ್ತಿಲು ದಾಟುವುದಿಲ್ಲ. ಅಂದೇ ಅವನ ತಾಯಿಮನೆಯವರು ಪ್ರಾರ್ಥನೆ ಮಾಡಿಸಿ ಹಳ್ಳಿಗೆಲ್ಲ ಊಟ ಹಾಕುತ್ತಾರೆ. ಅವಳು ಹೇಳುವವರೆಗೆ ಅವನು ಹಡಗಿನಲ್ಲಿದ್ದಾನೆ, ಅಷ್ಟೆ. ಹಿಂದೊಮ್ಮೆ ಪಕ್ಕದ ಹಳ್ಳಿಯವನೊಬ್ಬ ಎಲ್ಲರೂ ಆಸೆ ಬಿಟ್ಟ ಎಷ್ಟೋ ಕಾಲದ ಮೇಲೆ ಚಿನ್ನದ ಹಲ್ಲು ಕಟ್ಟಿಸಿಕೊಂಡು ಬಂದಿಳಿದಿದ್ದ. ಯಾವುದೋ ಬಂದರಿನಲ್ಲಿ ಅವನಿಗೆ ಇನ್ನೊಂದು ಸಂಸಾರವಿತ್ತಂತೆ. ಸತ್ತ ಎನ್ನದೆ ಕಾದಿದ್ದ ಹೆಂಡತಿ ಅವನನ್ನು ಹಡಗುಕಟ್ಟೆಯಲ್ಲೇ ಪೊರಕೆಯಲ್ಲಿ ಬಾರಿಸಿ, ಆಮೇಲೆ ಮನೆಗೆ ಕರೆದೊಯ್ದು ಊಟಕ್ಕಿಟ್ಟಳು. ಆ ಕಥೆಯನ್ನು ಹೆಂಗಸರು ಈಗಲೂ ನಕ್ಕು ನಕ್ಕು ಹೇಳುತ್ತಾರೆ. ಹವ್ವಾಳೂ ನಗುತ್ತಿದ್ದಳು. ಆದರೆ ಅವಳು ನಗುತ್ತಿದ್ದುದು ಬೇರೆ ಕಾರಣಕ್ಕೆ: ಹೇಗಾದರೂ ಆಗಲಿ, ಅವನು ತಿರುಗಿ ಬಂದಿದ್ದನಲ್ಲ.

ಮಾತು ಹೆಂಡತಿಯದಾದರೆ ಸಾಮಾನು ತಾಯಿಯ ಮನೆಯದು. ಗಂಡಸು ಮದುವೆಯಾದ ಮೇಲೆ ಬದುಕುವುದು ಹೆಂಡತಿಯ ಮನೆಯಲ್ಲಿ. ಬರುವಾಗ ಒಂದು ಬಟ್ಟೆಯ ಗಂಟು ತಂದಿರುತ್ತಾನೆ, ಉಳಿದದ್ದೆಲ್ಲ ಹುಟ್ಟಿದ ಮನೆಯಲ್ಲೇ ಇರುತ್ತದೆ. ಹವ್ವಾಳ ಗಂಡ ಇದ್ರೀಸ್ ಅದರಲ್ಲೂ ಸೋಮಾರಿ. ಹಡಗಿನ ಪುಸ್ತಕದಲ್ಲಿ, ಅಂದರೆ ಹಡಗಿನ ಕೆಲಸದ ಗುರುತಿನ ಪುಸ್ತಕದಲ್ಲಿ, ಹುಡುಗನಾಗಿದ್ದಾಗ ಬರೆಸಿದ ತಾಯಿಮನೆಯ ವಿಳಾಸವನ್ನು ಬದಲಾಯಿಸಲೇ ಇಲ್ಲ. ಶಮೀಮಾ ಹೊಟ್ಟೆಯಲ್ಲಿದ್ದಾಗ ಹೋದವನು, ಹಡಗು ಯಾವುದೋ ಬಂದರು ಮುಟ್ಟಿದಾಗ ಹಡಗಿನಲ್ಲಿರಲಿಲ್ಲ. ಆ ಸುದ್ದಿಯೂ ಅವನ ಚೀಲವೂ ಹೋದದ್ದು ತಾಯಿಮನೆಗೆ. ಹವ್ವಾಳಿಗೆ ಗೊತ್ತಾದದ್ದು ಅಂಗಳದಲ್ಲಿ ಮೀನು ಒಣಗಿಸುತ್ತಿದ್ದಾಗ, ಯಾರೋ ಬಂದು ಹೇಳಿ. ಕಂಪನಿಯವರು ಸತ್ತ ಎಂದಿರಲಿಲ್ಲ, ಕಾಣಲಿಲ್ಲ ಎಂದಿದ್ದರು. ಆ ಕಾಣಲಿಲ್ಲ ಎಂಬುದನ್ನು ಹವ್ವಾ ಅಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಸತ್ತ ಎಂಬ ಮಾತನ್ನು ಅವಳು ಇನ್ನೂ ಆಡಿರಲಿಲ್ಲ. ಈಗ ಅವಳಿಗಿಂತ ಮೊದಲು ಗೋಡೆ ಆಡಿತ್ತು.

ಮಗಳನ್ನು ತನ್ನ ತಾಯಿಯ ಬಳಿ ಬಿಟ್ಟು ಹವ್ವಾ ಸಂಜೆಗೆ ಗಂಡನ ತಾಯಿಮನೆಯತ್ತ ನಡೆದಳು. ಇದ್ರೀಸನ ಅಕ್ಕ ಜುಲೇಖಾ ಹಿತ್ತಲಲ್ಲಿ ದೊಡ್ಡ ಹಂಡೆಯ ಮುಂದೆ ನಿಂತು ಸೂರೆಮೀನು ಬೇಯಿಸಿದ ನೀರನ್ನು ಕುದಿಸಿ ಕುದಿಸಿ ಗಟ್ಟಿ ಮಾಡುತ್ತಿದ್ದಳು. ಕದಡುವ ಕೈ ನಿಲ್ಲಿಸಿದರೆ ತಳ ಹತ್ತುವ ಕೆಲಸ. ಹವ್ವಾಳನ್ನು ನೋಡಿಯೂ ಸೌಟು ನಿಲ್ಲಲಿಲ್ಲ.

"ಬಾ. ಶಾಲೆ ಮಕ್ಕಳು ಸಾಲಾಗಿ ಹೋಗ್ತಿದ್ದಾಗಲೇ ಅಂದ್ಕೊಂಡೆ, ಇವತ್ತು ನೀನು ಬರ್ತೀಯ ಅಂತ."

"ಯಾರನ್ನ ಕೇಳಿ ಕೊಟ್ರಿ ದತ್ತಾ?" ಎಂದಳು ಹವ್ವಾ. ಅಕ್ಕಂದಿರನ್ನು ಅಲ್ಲಿ ದತ್ತಾ ಎಂದೇ ಕರೆಯುವುದು. ಎಷ್ಟು ಸಿಟ್ಟಿದ್ದರೂ ಅದು ಬಿಡುವುದಿಲ್ಲ.

"ಫೋಟೋ ನಮ್ಮನೇದು. ಯಾರನ್ನ ಕೇಳ್ಬೇಕಿತ್ತು?"

"ಫೋಟೋ ನಿಮ್ದೇ. ಇಸವಿ ಯಾರದು?"

ಜುಲೇಖಾ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ನಡೆದದ್ದನ್ನು ಹೇಳಿದಳು. ಮ್ಯೂಸಿಯಂ ನೋಡಿಕೊಳ್ಳುವ ಮೂಸಾ ಬಂದು ಹಡಗಿನವರ ಫೋಟೋ ಕೇಳಿದಾಗ ಅಮ್ಮನೇ ದಿಂಬಿನ ಕೆಳಗಿನಿಂದ ತೆಗೆದುಕೊಟ್ಟಳಂತೆ. ಮೂಸಾ ಹೆಸರು ಕೆತ್ತಲು ಕೂತ. ಆ ಗೋಡೆಯಲ್ಲಿ ಎಲ್ಲರಿಗೂ ಹುಟ್ಟಿದ ಇಸವಿಯಿದೆ, ಹೋದ ಇಸವಿಯಿದೆ. ಇವನಿಗೆ ಏನು ಹಾಕಲಿ ಎಂದು ಕೇಳಿದ. ಚೀಲ ಮನೆಗೆ ಬಂದ ವರ್ಷವನ್ನು ಅಮ್ಮ ಹೇಳಿದಳು.

"ಸತ್ತ ಅಂತ ಅವಳು ಬಾಯಿ ಬಿಟ್ಟು ಹೇಳ್ಲಿಲ್ಲ. ಇಸವಿ ಮಾತ್ರ ಹೇಳಿದ್ಲು," ಎಂದ ಜುಲೇಖಾಳಿಗೆ ಆ ವಾದ ತನ್ನ ಕಿವಿಗೇ ಹಿತವಾಗಲಿಲ್ಲ. ದನಿ ತಗ್ಗಿಸಿದಳು. "ನಿನಗೆ ನೋಡೋಕೆ ಮಗಳಿದಾಳೆ ಹವ್ವಾ. ಅವನದೇ ಮೂಗು, ಅವನದೇ ಹಟ. ಅಮ್ಮನಿಗೆ ಏನಿದೆ? ಒಂದು ಗೋರಿ ಇದ್ಯಾ ಹೋಗಿ ಕೂರೋಕೆ? ಪ್ರತಿ ಶುಕ್ರವಾರ ಅಲ್ಲಿ ಕೂತು ಪ್ರಾರ್ಥನೆ ಓದ್ತಾಳೆ. ಮಸೀದಿಯವರ ಕಿವಿಗೆ ಬಿದ್ರೆ ಬೈತಾರೆ, ಫೋಟೋ ಮುಂದೆ ಓದೋದೇನು ಅಂತ. ಆದ್ರೂ ಹೋಗ್ತಾಳೆ. ನೀನು ಹೇಳೋಕ್ಕಿಂತ ಮೊದ್ಲೇ ತಾನು ಹೋಗಿಬಿಡ್ತೀನೇನೋ ಅಂತ ಅವಳಿಗೆ ಭಯ."

ಹವ್ವಾ ಹಂಡೆಯ ನೊರೆಯನ್ನೇ ನೋಡುತ್ತ ನಿಂತಳು. ತನಗೂ ಒಂದು ಭಯವಿದೆ ಎಂದು ಹೇಳಬೇಕೆನಿಸಿತು. ಆ ಮಾತು ಬಾಯಿಂದ ಹೊರಬಿದ್ದ ಕ್ಷಣವೇ ಇದ್ರೀಸ್ ಸಾಯುತ್ತಾನೆ, ಅಲ್ಲಿಯವರೆಗೂ ಎಲ್ಲೋ ಒಂದು ಕಡೆ ಕಾಲು ಚಾಚಿ ಕೂತಿರುತ್ತಾನೆ. ಆದರೆ ಇದನ್ನು ಹೇಳಿದರೆ ಕೇಳಿದವರು ಏನೆಂದಾರು?

"ನಾನು ತೆಗೆಸ್ತೀನಿ," ಎಂದಳು.

"ತೆಗೆಸು ನೋಡೋಣ," ಎಂದಳು ಜುಲೇಖಾ. ಹೊರಟವಳನ್ನು ಮತ್ತೆ ಕರೆದು, ಆರಿಸಿಟ್ಟಿದ್ದ ಒಂದು ಬಾಟಲಿ ಮೀನಿನ ಪಾಕವನ್ನು ಕೈಗೆ ತುರುಕಿದಳು. "ಹುಡುಗಿಗೆ ಇಷ್ಟ ಅಲ್ವಾ. ಬಿಸಿಲಲ್ಲಿ ಇಡಬೇಡ."

ಶುಕ್ರವಾರ ಮಧ್ಯಾಹ್ನದ ಪ್ರಾರ್ಥನೆ ಮುಗಿದು ಊರು ಉಂಡು ಮಲಗಿದ ಹೊತ್ತಿಗೆ ಹವ್ವಾ ಮ್ಯೂಸಿಯಂಗೆ ಹೋದಳು. ಅದು ಹಿನ್ನೀರಿನ ದಂಡೆಯ ಹಳೆಯ ದೋಣಿಮನೆ. ಒಳಗಿಟ್ಟ ಪಂದ್ಯದ ದೋಣಿ ಎಷ್ಟು ಉದ್ದವಿದೆಯೆಂದರೆ, ಕಟ್ಟಡ ರಿಪೇರಿ ಮಾಡಿದವರು ಅಳತೆ ತಪ್ಪಿ ಗೋಡೆ ಕಟ್ಟಿಬಿಟ್ಟು, ಆಮೇಲೆ ಹಿಂದಿನ ಗೋಡೆಗೆ ಕಿಂಡಿ ಕೊರೆದು ದೋಣಿಯ ಬಾಲವನ್ನು ಹೊರಗೆ ಬಿಟ್ಟಿದ್ದರು. ಮಳೆಗಾಲದಲ್ಲಿ ಆ ಬಾಲಕ್ಕೆ ಗೋಣಿ ಸುತ್ತುತ್ತಾರೆ. ಗುಡಿಸುವುದು ವಾರಕ್ಕೊಂದು ಹಳ್ಳಿಯ ಹೆಂಗಸರ ಸರದಿ. ಅಂದು ಜಗುಲಿಯಲ್ಲಿ ಇಬ್ಬರು ಪೊರಕೆ ಹಿಡಿದು, ಗುಡಿಸುವುದಕ್ಕಿಂತ ಹೆಚ್ಚು ಮಾತಾಡುತ್ತಿದ್ದರು. ಹವ್ವಾಳನ್ನು ಕಂಡು ಮಾತು ನಿಲ್ಲಿಸಿ ದಾರಿ ಬಿಟ್ಟರು. ಅವರು ಹಾಗೆ ದಾರಿ ಬಿಟ್ಟದ್ದರಿಂದಲೇ, ಊರಿಗೆಲ್ಲ ಮೊದಲೇ ಗೊತ್ತಿತ್ತು, ತನಗೊಬ್ಬಳಿಗೆ ಗೊತ್ತಿರಲಿಲ್ಲ ಎಂಬುದು ಅವಳಿಗೆ ತಿಳಿಯಿತು.

ಒಳಗೆ ತಂಪಾಗಿತ್ತು, ಮೀನೆಣ್ಣೆಯ ವಾಸನೆಯಿತ್ತು. ಎಲ್ಲ ಮನೆಗಳಿಂದ ಬಂದ ಎಲೆಯಡಿಕೆ ಪೆಟ್ಟಿಗೆಗಳು, ತಕ್ಕಡಿಗಳು, ನಡೆಯದ ಗಡಿಯಾರವೊಂದು. ಅವಳು ಯಾವುದನ್ನೂ ನೋಡಲಿಲ್ಲ. ಹಡಗಿನವರ ಗೋಡೆ ದೋಣಿಯ ಆಚೆಗಿತ್ತು.

ಹಡಗಿನ ಪುಸ್ತಕಕ್ಕೆಂದು ತೆಗೆಸಿದ ಚಿಕ್ಕ ಫೋಟೋಗಳನ್ನು ದೊಡ್ಡದು ಮಾಡಿಸಿದ್ದರಿಂದ ಎಲ್ಲರೂ ಒಂದೇ ಥರ ಬೆದರಿದ ಕಣ್ಣು ಬಿಟ್ಟುಕೊಂಡಿದ್ದರು. ಇದ್ರೀಸ್ ಕೆಳಸಾಲಿನ ಕೊನೆಯಲ್ಲಿದ್ದ. ಮೀಸೆ ಮೂಡದ ಹುಡುಗ, ಕಿವಿ ಅಗಲ, ಕತ್ತು ಕಡ್ಡಿಯಂತೆ. ಹವ್ವಾ ಹತ್ತಿರ ಹೋಗಿ ನೋಡಿದಳು. ಅವಳು ಕಂಡ ಇದ್ರೀಸನಿಗೆ ಹೊಟ್ಟೆ ಬಂದಿತ್ತು. ಹಲ್ಲಿನಿಂದ ಬಾಟಲಿಯ ಮುಚ್ಚಳ ತೆಗೆಯಲು ಹೋಗಿ ಮುಂದಿನ ಹಲ್ಲು ಮುರಿದುಕೊಂಡು, ನಗುವಾಗಲೆಲ್ಲ ಕೈ ಅಡ್ಡ ಹಿಡಿಯುತ್ತಿದ್ದ. ಈ ಹುಡುಗನನ್ನು ಅವಳು ಕಂಡೇ ಇರಲಿಲ್ಲ. ಇವನಿಗೂ ಅವಳು ಯಾರೆಂದು ಗೊತ್ತಿರಲಿಲ್ಲ. ಮರದ ತುಂಡಿನ ಮೇಲೆ ಹೆಸರು, ತಾಯಿಮನೆಯ ಹೆಸರು, ಒಂದು ಇಸವಿ, ಗೆರೆ, ಇನ್ನೊಂದು ಇಸವಿ. ಅಷ್ಟರಲ್ಲಿ ಹವ್ವಾ ಎಲ್ಲೂ ಇರಲಿಲ್ಲ.

"ನೋಡ್ದೆಯಾ," ಎನ್ನುತ್ತ ಮೂಸಾ ಬಂದ. ಹಡಗಿನಲ್ಲಿ ಆಳುಗಳ ಮೇಸ್ತ್ರಿಯಾಗಿ ಮುದಿಯಾದವನು. ಎಲ್ಲರಿಗೂ ಮೂಸಾ ಬೇಬೆ, ಅಂದರೆ ಅಣ್ಣ.

ಇದನ್ನು ಇಳಿಸಿಕೊಡಿ ಎಂದು ಹವ್ವಾ ಕೇಳಿದಳು. ಮೂಸಾ ತಲೆ ತುರಿಸಿಕೊಂಡ. ಕೊಟ್ಟ ಮನೆಯವರು ಕೇಳದೆ ಒಂದು ಮೊಳೆಯನ್ನೂ ಕೀಳುವಂತಿಲ್ಲ, ಹಳ್ಳಿಗಳೆಲ್ಲ ಕೂತು ಮಾಡಿದ ಕಟ್ಟಳೆ ಅದು ಎಂದ. ಒಬ್ಬಳಿಗೆ ಇಳಿಸಿಕೊಟ್ಟರೆ ನಾಳೆ ಅಜ್ಜಿಯ ತಕ್ಕಡಿ ಬೇಕೆಂದು ಒಬ್ಬ, ಪೆಟ್ಟಿಗೆ ಬೇಕೆಂದು ಇನ್ನೊಬ್ಬ ಬರುತ್ತಾನೆ, ಕೊನೆಗೆ ತಾನು ಈ ದೋಣಿಯ ಬಾಲವೊಂದನ್ನೇ ಕಾಯುತ್ತ ಕೂರಬೇಕಾಗುತ್ತದೆ ಎಂದ. ನಗಿಸಲು ನೋಡಿದ. ಹವ್ವಾ ನಗಲಿಲ್ಲ.

"ಬೇಬೆ, ನನ್ನ ಮಗಳು ಇದನ್ನ ಓದಿದಾಳೆ. ಮನೇಲಿ ಕೂತು ನನ್ನ ಮುಖ ನೋಡ್ತಾಳೆ. ನಾನೇನು ಹೇಳ್ಲಿ?"

ಮೂಸಾ ಮರದ ತುಂಡಿನ ಧೂಳು ಒರೆಸಿದ. ತಾನು ಇದನ್ನು ಯೋಚಿಸಲೇ ಇಲ್ಲ, ಗೋಡೆ ಒಂದೇ ಥರ ಕಾಣಲಿ ಎಂದಷ್ಟೇ ನೋಡಿದೆ ಎಂದ. ಸಾಲಿನಲ್ಲಿ ಒಬ್ಬನಿಗೆ ಮಾತ್ರ ಅರ್ಧ ಬರೆದರೆ ಮರೆತು ಬಿಟ್ಟಂತೆ ಕಾಣುತ್ತಿತ್ತು ಎಂದ. ಕೊನೆಗೆ ಮೇಜಿನ ಒಳಗಿನಿಂದ ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿ ತಂದು, ಒಂದು ಚೂರು ಕತ್ತರಿಸಿ, ಕೊನೆಯ ಇಸವಿಯ ಮೇಲೆ ಅಂಟಿಸಿದ. ಹೆಬ್ಬೆರಳಿನಿಂದ ತಿಕ್ಕಿ ಕೂರಿಸಿದ.

"ಇಷ್ಟು ನನ್ನ ಕೈಲಾಗತ್ತೆ. ಫೋಟೋ ಅವರದು, ಪಟ್ಟಿ ನಂದು. ಯಾರಾದ್ರೂ ಕೇಳಿದ್ರೆ ಮರ ಬಿರುಕು ಬಿಟ್ಟಿತ್ತು ಅಂತೀನಿ."

ಹವ್ವಾಳಿಗೆ ಎದೆ ಹಗುರಾಯಿತು. ಮಗಳನ್ನು ನಾಳೆಯೇ ಕರೆದುಕೊಂಡು ಬಂದು ತೋರಿಸಬಹುದು, ನೋಡು, ಅದು ತಪ್ಪಾಗಿತ್ತು, ಮುಚ್ಚಿದ್ದಾರೆ ಎನ್ನಬಹುದು. ಟೀಚರ್‌ಗೆ ಗೊತ್ತಿಲ್ಲ ಎನ್ನಬಹುದು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ದೋಣಿಯ ಅಡಿಯ ಮರದ ದಿಮ್ಮಿಯ ಮೇಲೆ ಕೂತಳು. ಹೊರಡುವ ಅವಸರವಿರಲಿಲ್ಲ, ಶುಕ್ರವಾರ ಅತ್ತೆ ಬರುವ ದಿನವೆಂಬುದು ನೆನಪಾಗಲಿಲ್ಲ.

ಆಗಲೇ ಜಗುಲಿಯಲ್ಲಿ ಕೋಲಿನ ಸದ್ದಾಯಿತು. ಜುಲೇಖಾ ತಾಯಿಯ ತೋಳು ಹಿಡಿದು ಹೊಸ್ತಿಲು ದಾಟಿಸುತ್ತಿದ್ದಳು. ಅತ್ತೆ ಸನ್ಫಾಬಿಗೆ ಕಣ್ಣು ಮುಕ್ಕಾಲು ಹೋಗಿತ್ತು, ಬೆಳಕೂ ನೆರಳೂ ಮಾತ್ರ ಕಾಣುತ್ತಿತ್ತು. ಆದರೂ ದೋಣಿಯ ಬದಿಯನ್ನು ಅಂಗೈಯಿಂದ ಸವರುತ್ತ, ಮಗಳ ಕೈ ಬಿಟ್ಟು, ತನ್ನಷ್ಟಕ್ಕೇ ಗೋಡೆಯ ಕೊನೆಯವರೆಗೆ ಬಂದಳು. ಜುಲೇಖಾಳಿಗೆ ಹವ್ವಾ ಕಂಡಳು, ಪಟ್ಟಿಯೂ ಕಂಡಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಮುದುಕಿಯ ಬೆರಳು ಮರದ ತುಂಡಿನ ಮೇಲಿತ್ತು.

ಅವಳು ಕೆತ್ತಿದ ಅಕ್ಷರಗಳನ್ನು ಮುಟ್ಟಿ ಮುಟ್ಟಿ ಓದುತ್ತಿದ್ದಳು. ಇದ್ರೀಸ್. ಮನೆಯ ಹೆಸರು. ಹುಟ್ಟಿದ ಇಸವಿ. ಗೆರೆ. ಬೆರಳು ಮುಂದೆ ಹೋಗಿ ಬಟ್ಟೆಯ ನುಣುಪಿಗೆ ತಗುಲಿ ನಿಂತಿತು. ಹಿಂದೆ ಬಂತು, ಮತ್ತೆ ಮುಂದೆ ಹೋಯಿತು.

"ಮೂಸಾ, ಇಲ್ಲಿದ್ದದ್ದು ಏನಾಯ್ತು?"

ಮೂಸಾ ಬಿರುಕಿನ ಮಾತು ಆಡಲಿಲ್ಲ. ಆಡಬೇಕೆಂದು ಬಾಯಿ ತೆರೆದದ್ದು ಹವ್ವಾಳಿಗೆ ಕಂಡಿತು. ಆದರೆ ಮುದುಕಿ ತಿರುಗಿ ನಿಂತ ರೀತಿ ನೋಡಿ ಅವನು ಒಂದು ಹೆಜ್ಜೆ ಹಿಂದೆ ಸರಿದ. ಅವಳ ಬೆನ್ನು ನೆಟ್ಟಗಾಗಿತ್ತು. ಮುಖದಲ್ಲಿ ಬಣ್ಣ ಬಂದಿತ್ತು.

"ಯಾಕೆ ಮುಚ್ಚಿದೀರಿ? ಸುದ್ದಿ ಬಂತಾ?" ಎಂದಳು. ಕೈ ಗಾಳಿಯಲ್ಲಿ ಯಾರನ್ನೋ ಹುಡುಕಿತು. "ಯಾರೋ ಇನ್ನೊಬ್ರು ಇದಾರೆ ಇಲ್ಲಿ. ಹವ್ವಾನಾ?"

"ಹೂಂ ಅಮ್ಮಾ."

"ನೀನು ಇಲ್ಲಿಗೆ ಬರೋಳಲ್ಲ. ಬಂದಿದೀಯ ಅಂದ್ರೆ ಸುದ್ದಿ ಬಂದಿದೆ. ನಿನ್ನ ಮನೆಗೆ ಬಂತಾ? ಈ ಸಲ ಸರಿಯಾದ ವಿಳಾಸಕ್ಕೆ ಬರ್ದನಾ ಅವನು?" ಮುದುಕಿ ನಗತೊಡಗಿದಳು. ನಗುತ್ತಲೇ ದೋಣಿಗೆ ಒರಗಿದಳು. ಜುಲೇಖಾ ಓಡಿಬಂದು ಹಿಡಿದುಕೊಂಡಳು. ಹಿಡಿದುಕೊಂಡೇ ಹವ್ವಾಳತ್ತ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು. ಆದರೆ ಏನು ಬೇಡುತ್ತಿದ್ದಾಳೆಂದು ಅವಳಿಗೇ ಗೊತ್ತಿದ್ದಂತೆ ಕಾಣಲಿಲ್ಲ.

"ಸುದ್ದಿ ಏನೂ ಬಂದಿಲ್ಲ ಅಮ್ಮಾ," ಎಂದಳು ಹವ್ವಾ.

"ಮತ್ತೆ ಯಾಕೆ ಮುಚ್ಚಿದ್ದು?"

ಜಗುಲಿಯ ಪೊರಕೆಗಳು ನಿಂತಿದ್ದವು. ಮುದುಕಿ ಕೈ ಚಾಚಿ ಹವ್ವಾಳ ಮುಖವನ್ನು ಹುಡುಕಿ ಹಿಡಿದಳು. ಅವಳ ಬೆರಳುಗಳು ಬೆಂಕಿಯಂತೆ ಬಿಸಿಯಾಗಿದ್ದವು.

"ಮಗಳೇ, ನನಗೆ ಎರಡೂ ಕಡೆ ನಿಲ್ಲೋಕೆ ಆಗಲ್ಲ. ಇದಾನೆ ಅಂದ್ರೆ ಇದಾನೆ ಅನ್ನು, ನಾನು ಇನ್ನೂ ಅಷ್ಟು ಕಾಲ ಕಾಯ್ತೀನಿ, ಕಣ್ಣಿಲ್ಲದಿದ್ರೂ ಕಾಯ್ತೀನಿ. ಇಲ್ಲ ಅಂದ್ರೆ ಇಲ್ಲ ಅನ್ನು. ಫೋಟೋ ನಂದು, ಮಾತು ನಿಂದು. ನಾನು ಆವತ್ತಿಂದ ನಿನ್ನ ಬಾಯಿ ಕಾಯ್ತಾ ಇದೀನಿ."

ಇದಾರೆ ಎಂದುಬಿಡಬಹುದಿತ್ತು. ಹವ್ವಾ ಅದನ್ನೇ ಹೇಳಲು ಉಸಿರೆಳೆದಳು. ಆದರೆ ಆ ಮುಖದಲ್ಲಿ ಬಂದ ಬಣ್ಣವನ್ನು ಅವಳು ಹತ್ತಿರದಿಂದ ನೋಡುತ್ತಿದ್ದಳು. ಇದಾರೆ ಎಂದರೆ ಈ ಮುದುಕಿ ಮನೆಗೆ ಹೋಗಿ ಮಗನಿಗೆಂದು ಹಾಸಿಗೆ ಹಾಸುತ್ತಾಳೆ. ನಾಳೆಯಿಂದ ಹಡಗು ಬಂದಾಗಲೆಲ್ಲ ಕೋಲೂರಿಕೊಂಡು ಕಟ್ಟೆಗೆ ಹೋಗುತ್ತಾಳೆ. ಯಾರ ಕಾಲಸದ್ದು ಕೇಳಿದರೂ ಇದ್ರೀಸಾ ಎಂದು ಕೇಳುತ್ತಾಳೆ. ತಾನು ಇಷ್ಟು ವರ್ಷ ಒಳಗೊಳಗೇ ಮಾಡುತ್ತ ಬಂದದ್ದನ್ನು ಈ ಕಣ್ಣಿಲ್ಲದ ಜೀವ ಊರಿನ ಎದುರು ಮಾಡುತ್ತದೆ. ಅದು ಹೇಗಿರುತ್ತದೆಂದು ಹವ್ವಾಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಮತ್ತೆ ಮನೆಯಲ್ಲಿ ಶಮೀಮಾ ಇದ್ದಳು, ತುತ್ತು ತುತ್ತಿಗೂ ಮುಖ ನೋಡುತ್ತಿದ್ದವಳು. ಅವಳೂ ಹೀಗೇ ಕೈ ಚಾಚಿಕೊಂಡು ಬೆಳೆಯಬೇಕೇ?

ಹವ್ವಾ ದೋಣಿಯನ್ನು ನೋಡಿದಳು, ಮೂಸಾನನ್ನು ನೋಡಿದಳು. ಯಾರಾದರೂ ಒಬ್ಬರು ತನ್ನ ಬದಲು ಮಾತಾಡಲಿ ಎಂದು ಕಾದಳು. ಯಾರೂ ಆಡುವಂತಿರಲಿಲ್ಲ.

"ಇಲ್ಲ ಅಮ್ಮಾ," ಎಂದಳು. "ಅವರಿಲ್ಲ. ತೀರಿಹೋಗಿದಾರೆ."

ದನಿ ಅವಳದೇ ಎನ್ನಿಸಲಿಲ್ಲ. ಮುದುಕಿಯ ಕೈ ಅವಳ ಕೆನ್ನೆಯ ಮೇಲೆ ಹಾಗೇ ಇತ್ತು. ಬಣ್ಣ ಇಳಿಯುತ್ತ ಹೋಯಿತು. ಆಮೇಲೆ ಅವಳು ಬಾಯಲ್ಲೇ ಏನೋ ಹೇಳಿಕೊಂಡು, ಬಹಳ ದಣಿದವಳಂತೆ ನೆಲಕ್ಕೆ ಕೂತಳು. ಜುಲೇಖಾ ಶಬ್ದವಿಲ್ಲದೆ ಅತ್ತಳು. ಹವ್ವಾ ಪಟ್ಟಿಯ ತುದಿಯನ್ನು ಉಗುರಿನಿಂದ ಎಬ್ಬಿಸಿ ಕಿತ್ತಳು. ಮೂಸಾ ಚೆನ್ನಾಗಿ ತಿಕ್ಕಿ ಕೂರಿಸಿದ್ದರಿಂದ ಅದು ಸುಲಭಕ್ಕೆ ಬರಲಿಲ್ಲ.

ಅತ್ತೆಯನ್ನು ಮನೆಯವರೆಗೆ ಬಿಡಲು ಅವಳೂ ಜೊತೆಗೆ ಹೋದಳು. ಒಂದು ತೋಳು ಜುಲೇಖಾ ಹಿಡಿದಳು, ಇನ್ನೊಂದು ಹವ್ವಾ. ಮುದುಕಿ ದಾರಿಯುದ್ದಕ್ಕೂ ಊಟದ ಮಾತೇ ಆಡಿದಳು. ಅಕ್ಕಿ ಯಾರಿಗೆ ಹೇಳುವುದು, ಸೂರೆಮೀನು ಯಾರ ದೋಣಿಯಿಂದ ತರಿಸುವುದು, ಇದ್ರೀಸನಿಗೆ ತೆಂಗಿನಹಾಲಿನ ಪಾಯಸ ಇಷ್ಟ, ಅದು ತಪ್ಪಬಾರದು ಎಂದಳು. ಎಷ್ಟೋ ದಿನ ಮನಸ್ಸಿನಲ್ಲೇ ಮಾಡಿಟ್ಟ ಅಡುಗೆಯಂತಿತ್ತು. ಬಾಗಿಲ ಬಳಿ ಹವ್ವಾಳ ಕೈ ಅದುಮಿ ಬಿಟ್ಟಳು.

ಹವ್ವಾ ತನ್ನ ಮನೆಗೆ ತಿರುಗುವಷ್ಟರಲ್ಲಿ ಮಾತು ಅವಳಿಗಿಂತ ಮೊದಲು ತಲುಪಿತ್ತು. ಪೊರಕೆ ಹಿಡಿದಿದ್ದ ಹೆಂಗಸರಲ್ಲೊಬ್ಬಳು ಅಡ್ಡದಾರಿಯಿಂದ ಓಡಿರಬೇಕು. ಅಂಗಳದಲ್ಲಿ ನೆರೆಯವರು ನಿಂತಿದ್ದರು, ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಒಳಕೋಣೆಯ ಕಿಟಕಿಗೆ ಅವಳ ತಾಯಿ ದಪ್ಪ ಬಟ್ಟೆ ಕಟ್ಟಿದ್ದಳು, ನೆಲಕ್ಕೆ ಹೊಸ ಚಾಪೆ ಹಾಸಿದ್ದಳು, ಮೂಲೆಯಲ್ಲಿ ನೀರಿನ ತಂಬಿಗೆ ಇಟ್ಟಿದ್ದಳು. ನಾನು ಬರೇ ಅತ್ತೆಯ ಸಮಾಧಾನಕ್ಕೆ ಹೇಳಿದೆ, ಇನ್ನೊಂದು ವಾರ ಬಿಟ್ಟು ಕೂರುತ್ತೇನೆ ಎನ್ನಬೇಕೆಂದು ಹವ್ವಾ ದಾರಿಯಲ್ಲಿ ಅಂದುಕೊಂಡಿದ್ದಳು. ಆ ಚಾಪೆಯನ್ನು ನೋಡಿದ ಮೇಲೆ ಅದನ್ನು ಯಾರಿಗೆ ಹೇಳುವುದು ಎಂದು ತಿಳಿಯಲಿಲ್ಲ. ತಾಯಿ ಅವಳ ಕಿವಿಯ ಓಲೆಗಳನ್ನು ಬಿಚ್ಚತೊಡಗಿದಳು. ಅವಳು ಕತ್ತು ಬಗ್ಗಿಸಿ ಕೊಟ್ಟಳು.

ಶಮೀಮಾ ಹೊಸ್ತಿಲಲ್ಲಿ ನಿಂತಿದ್ದಳು. ಬಪ್ಪಾನ ಬಗ್ಗೆ ಈಗ ಏನೂ ಕೇಳಲಿಲ್ಲ. ಅಮ್ಮ ಎಷ್ಟು ದಿನ ಹೊರಗೆ ಬರೋದಿಲ್ಲ ಎಂದು ಅಜ್ಜಿಯನ್ನು ಕೇಳಿದಳು. ಅಜ್ಜಿ ಹೇಳಿದಳು. ಹುಡುಗಿ ಬೆರಳು ಮಡಿಚಿ ತಿಂಗಳುಗಳನ್ನು ಎಣಿಸಲು ನೋಡಿ, ಮಧ್ಯದಲ್ಲೇ ಬಿಟ್ಟಳು.

"ನಾನೂ ಒಳಗೆ ಕೂರ್ಲಾ?"

ಮಕ್ಕಳು ಕೂರಬೇಕಾಗಿಲ್ಲ, ಹೊರಗೆ ಆಡಿಕೊ ಹೋಗು ಎಂದಳು ಅಜ್ಜಿ. ಶಮೀಮಾ ಹೋಗಲಿಲ್ಲ. ಒಳಗೆ ಬಂದು ಚಾಪೆಯ ಅಂಚಿನಲ್ಲಿ ಕೂತು, ತಾಯಿಯ ಕಡೆಗೆ ಸರಿದಳು. ಅವಳನ್ನು ಎಬ್ಬಿಸಿ ಕಳಿಸಬೇಕೆಂದು ಹವ್ವಾಳಿಗೆ ಗೊತ್ತಿತ್ತು. ಕೈ ಎತ್ತಿದಳು. ಆ ಕೈ ಮಗಳ ತಲೆಯ ಮೇಲೆ ಹೋಗಿ ಕೂತಿತು, ಮುಂದೆ ಏನು ಮಾಡಬೇಕೆಂದು ಅದಕ್ಕೆ ತೋಚಲಿಲ್ಲ.